ಮೈಸೂರಿನ ಜಾವಾ, ಎರಿ ಹೊಲದ ಹಾದಿ

ಐಡಿಯಲ್ ಜಾವಾ ಮೋಟಾರ್ ಸೈಕಲ್ ಕಾರ್ಖಾನೆಯ ಕಥೆಯನ್ನು ಮೈಸೂರಿನವರು ಅದು ಇದ್ದ ಯಾದವಗಿರಿಯಿಂದ ಶುರು ಮಾಡುತ್ತಾರೆ. ಅದು ಅವರ ಹಕ್ಕು. ನಾವು ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ ಕಡೆಯವರು ಅದನ್ನು ಗಾಡಿಯ ಹಿಂದಿನ ಗಾಲಿಯಿಂದ ಶುರು ಮಾಡಬೇಕಾಗುತ್ತದೆ. ಮುಂಗಾರಿನಲ್ಲಿ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲದ ಹಾದಿ ಹಸಿಯಾಯಿತೆಂದರೆ ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿ, ಗಾಲಿ ತಿರುಗುವುದೇ ನಿಂತುಬಿಡುತ್ತದೆ. ಕಡ್ಡಿಯಿಂದ ಕೆರೆದು ತೆಗೆದು ನಾಲ್ಕು ಮಾರು ಹೋಗುವಷ್ಟರಲ್ಲಿ ಮತ್ತೆ ಅದೇ ಹಾಡು. ತೆರೆದ ಚೈನಿನ ಗಾಡಿಯಾದರೆ ಚೈನೂ ಕೆಸರು ತಿಂದು ಸವೆಯುತ್ತದೆ. ಜಾವಾದ ಹಿಂದಿನ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಓಡುತ್ತಿತ್ತು. ಪ್ರಾಗಿನ ಎಂಜಿನಿಯರರು ಎರಿ ಮಣ್ಣನ್ನು ಕಂಡವರಲ್ಲ. ಆದರೂ ಅವರ ಆ ಒಂದು ವಿನ್ಯಾಸ ನಮ್ಮ ಊರುಗಳಿಗೆಂದೇ ಮಾಡಿದ ಹಾಗಿತ್ತು.

ಜಾವಾ ಹುಟ್ಟಿದ್ದು 1929ರಲ್ಲಿ, ಜೆಕೊಸ್ಲೊವಾಕಿಯಾದಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರನ್ನೂ ಅದರ ಹೆಸರನ್ನೂ ಕೂಡಿಸಿ ಈ ಹೆಸರಿಟ್ಟ. ಭಾರತಕ್ಕೆ ಅದನ್ನು ತರಿಸಿ ಮಾರಿದ್ದು ಮುಂಬಯಿಯ ಇರಾನಿ ಮನೆತನ. 1950ರ ದಶಕದಲ್ಲಿ ದೆಹಲಿಯ ಸರ್ಕಾರ ಹೊರದೇಶದ ಗಾಡಿಗಳ ಆಮದನ್ನು ಬಿಗಿ ಮಾಡಿತು: ಮಾರಬೇಕೆಂದರೆ ಇಲ್ಲೇ ತಯಾರಿಸಬೇಕು. 1955ರಲ್ಲಿ ಮದರಾಸಿನಲ್ಲಿ ಬುಲೆಟ್ ಶುರುವಾದದ್ದು ಅದೇ ಗಾಳಿಯಲ್ಲಿ. ರುಸ್ತುಂ ಇರಾನಿ, ಫರೂಖ್ ಇರಾನಿ ಜಾವಾ ಪರವಾನಗಿ ಪಡೆದು ಮೈಸೂರನ್ನು ಆರಿಸಿಕೊಂಡರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರ ಮಾರ್ಚ್‌ನಲ್ಲಿ ತಯಾರಿಕೆ ಶುರುವಾಯಿತು.

ಮೈಸೂರಿಗೆ ಮೋಟಾರು ಕಾರ್ಖಾನೆ ಬಂದ ಮಾತಿಗೆ ಒಂದು ಹಿಂದಿನ ಅಧ್ಯಾಯವಿದೆ. ಅದನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಯುರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಸೋಲಾಪುರದ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಬಂಡವಾಳದ ಬೆನ್ನು ಕೊಡಲು ಬಂದರು. ಮೈಸೂರು ಸಂಸ್ಥಾನವೂ ಕೈಜೋಡಿಸಲು ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದದ್ದು ವಿಮಾನದ ಕಾರ್ಖಾನೆ ಕಟ್ಟಲು. ಅವರ ಕಾರಿನ ಕಾರ್ಖಾನೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಯಿತು. ಹೀಗೆ ಮೈಸೂರಿಗೆ ನಾಲ್ಕು ಗಾಲಿಯ ಭಾಗ್ಯ ತಪ್ಪಿ, ಇಪ್ಪತ್ತು ವರ್ಷ ತಡವಾಗಿ ಎರಡು ಗಾಲಿಯದ್ದು ಬಂತು.

ಇನ್ನು ನಮ್ಮ ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಕುಂದಗೋಳವಂತೂ ಸ್ವಾತಂತ್ರ್ಯ ಬರುವವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ತುಣುಕು. ನಮ್ಮ ಯಂತ್ರ, ಔಷಧ, ನಾಟಕ ಎಲ್ಲಕ್ಕೂ ಪುಣೆ ಮುಂಬಯಿ ದಾರಿಯೇ ರೂಢಿ. ಒಂದಾಗಿ ಐದು ವರ್ಷವೂ ತುಂಬದ ರಾಜ್ಯದ ದಕ್ಷಿಣ ತುದಿಯಿಂದ, ಭಾಷಣವಲ್ಲದ, ಕಡತವಲ್ಲದ, ಕಿಕ್ ಹೊಡೆದರೆ ಶುರುವಾಗುವ ಒಂದು ವಸ್ತು ಬಂತು. ಏಕೀಕರಣದ ಚರಿತ್ರೆ ಬರೆದವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಇನ್ನೊಂದು ಕಾಕತಾಳೀಯವೂ ಇದೆ: 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು, ಅದೇ ವರ್ಷ ಮೈಸೂರಿನ ಜಾವಾ ಯೆಜ್ಡಿಯಾಯಿತು. ಜೆಕ್ ಪರವಾನಗಿ ಮುಗಿದಿತ್ತು. ಕಾರ್ಖಾನೆ ಸ್ವಂತ ಹೆಸರಿನಲ್ಲಿ ನಿಂತಿತ್ತು. ನಮ್ಮ ಹಳ್ಳಿಗಳಲ್ಲಿ ಹಳಬರು ಎರಡನ್ನೂ ಜಾವಾ ಎಂದೇ ಕರೆದರು, ಈಗಲೂ ಕರೆಯುತ್ತಾರೆ.

ಕೊಳ್ಳಲು ರೊಕ್ಕ ಎಲ್ಲಿಂದ ಬಂತು? ಬಹುಪಾಲು ಹತ್ತಿಯಿಂದ ಎಂದು ನನ್ನ ಎಣಿಕೆ. 1972ರಲ್ಲಿ ಧಾರವಾಡದ ಹತ್ತಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿಯವರು ರೂಪಿಸಿದ ವರಲಕ್ಷ್ಮಿ ಸಂಕರಣ ತಳಿ ಬಂತು. ಮಲಪ್ರಭೆಯ ಕಾಲುವೆ ನವಲಗುಂದದತ್ತ ಬಂತು. ಉದ್ದ ಎಳೆಯ ಹತ್ತಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷಗಳಲ್ಲಿ ಹೊಲದ ಮನೆಯ ಮುಂದೆ ಚಕ್ಕಡಿಯ ಪಕ್ಕ ಕ್ರೋಮಿಯಂ ಟ್ಯಾಂಕಿನ ಗಾಡಿ ನಿಂತಿತು. ಧಾರಣೆ ಬಿದ್ದು, ನೀರಿನ ಕರದ ಹೊರೆ ಏರಿದಾಗ ಏನಾಯಿತು ಎಂಬುದು 1980ರ ಜುಲೈ 21ರ ನವಲಗುಂದದ ರೈತ ಬಂಡಾಯದಲ್ಲಿ ನಾಡಿಗೇ ಗೊತ್ತಾಯಿತು. ಗಾಡಿಯ ಚರಿತ್ರೆ ಬೆಳೆಯ ಚರಿತ್ರೆಯಿಂದ ಬೇರೆಯಲ್ಲ. ಕಲಘಟಗಿಯ ಕಡೆ, ಭತ್ತದ ಗದ್ದೆ, ಕಾಡಿನ ಅಂಚು, ಏರಿಳಿತದ ದಾರಿಗಳಲ್ಲಿ ಗಾಡಿಯ ಬಾಳುವೆ ಬೇರೆಯೇ ಆಗಿತ್ತು. ಅಲ್ಲಿ ಕೆಸರಿಗಿಂತ ಏರು ಮುಖ್ಯ, ಕೆಳಗಿನ ಗೇರಿನಲ್ಲಿ ಎಳೆಯುವ ಶಕ್ತಿ ಮುಖ್ಯ.

ಯಂತ್ರದ ಬಗ್ಗೆ ನಾಲ್ಕು ಮಾತು ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಅದು ಇಂದಿಗೂ ಉಳಿದಿರುವುದಕ್ಕೆ ಕಾರಣ ಅಲ್ಲಿದೆ. ಸುಮಾರು 250 ಸಿಸಿಯ ಒಂದೇ ಸಿಲಿಂಡರು, ಆದರೆ ಹೊಗೆ ಕೊಳವೆ ಎರಡು. ಟೂ ಸ್ಟ್ರೋಕ್ ಎಂಜಿನ್ನಾದ್ದರಿಂದ ವಾಲ್ವುಗಳ ತಾಪತ್ರಯವಿಲ್ಲ, ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು: ಲೀಟರಿಗೆ 40ರಿಂದ 50 ಮಿಲಿಲೀಟರು. ಕಡಿಮೆ ಹಾಕಿದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ, ಹೆಚ್ಚು ಹಾಕಿದರೆ ಹೊಗೆ ಕಾರಿ ಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಮಸಿ ಕಟ್ಟಿದ ಗಾಡಿ ಏರಿನಲ್ಲಿ ದಮ್ಮು ಬಿಡುತ್ತದೆ. ಹೆಡ್ಡು ಬಿಚ್ಚಿ, ಕೊಳವೆ ಸುಟ್ಟು, ಕೆರೆದು ತೊಳೆದರೆ ಮತ್ತೆ ಮೊದಲಿನ ದನಿ. ಗೇರಿನ ಲಿವರನ್ನೇ ಒಳಕ್ಕೊತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಜಾವಾದಲ್ಲಿ ಗೇರು ಒತ್ತಿದಾಗ ಕ್ಲಚ್ಚು ತಾನೇ ಬಿಡುವ ಏರ್ಪಾಡೂ ಇತ್ತು. ಹುಬ್ಬಳ್ಳಿಯಲ್ಲಿ ಕೆಲಸ ಕಲಿತು ಬಂದ ಫಿಟ್ಟರನೊಬ್ಬ, ಒಂದಿಷ್ಟು ಪಾನಾ, ಒಂದು ಸುತ್ತಿಗೆ, ಬೇವಿನ ನೆರಳು: ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಲು ಇಷ್ಟು ಸಾಕಾಗುತ್ತಿತ್ತು. 1978ರಲ್ಲಿ ಬಂದ ರೋಡ್‌ಕಿಂಗ್ ಹೆಚ್ಚು ಕಸುವಿನದು, ಸುಮಾರು 16 ಅಶ್ವಶಕ್ತಿ. ಹರೆಯದವರು ಅದಕ್ಕೆ ಮರುಳಾದರು. ಹೊಲಕ್ಕೆ ಹೋಗುವವರಿಗೆ ಹಳೆಯ ನಮೂನೆಯೇ ಸಾಕು.

ಅವನತಿಯನ್ನು ಚುಟುಕಾಗಿ ಹೇಳಿಬಿಡಬಹುದು. 1984–86ರ ನಡುವೆ ಜಪಾನಿ ಕಂಪನಿಗಳ ಜೊತೆಗೂಡಿ 100 ಸಿಸಿಯ ಗಾಡಿಗಳು ಬಂದವು: ಇಂಡ್–ಸುಜುಕಿ, ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್, ಕವಾಸಾಕಿ ಬಜಾಜ್. ಒಂದು ಲೀಟರಿನಲ್ಲಿ ಯೆಜ್ಡಿಯ ಎರಡರಷ್ಟು ದೂರ ಹೋಗುವ ಹೀರೋ ಹೋಂಡಾದ ಮುಂದೆ ವಾದ ನಿಲ್ಲಲಿಲ್ಲ. 1991ರಲ್ಲಿ ಹೊಗೆಯ ಮಿತಿ ಬಂತು, 1996ರಲ್ಲಿ ಅದು ಬಿಗಿಯಾಯಿತು. ಅದೇ 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಂಪನಿ ಬರಖಾಸ್ತಿಗೆ ಹೋಯಿತು. ಹೊಸ ಮಾದರಿಗೆ ಸಕಾಲದಲ್ಲಿ ಹಣ ಹಾಕದೆ ಮೂವತ್ತು ವರ್ಷ ಒಂದೇ ಎಂಜಿನ್ನನ್ನು ನೆಚ್ಚಿಕೊಂಡದ್ದು ಆಡಳಿತದ ತಪ್ಪು ಎಂದೇ ನನ್ನ ತೀರ್ಮಾನ. ಆದರೆ ವಿಚಿತ್ರ ನೋಡಿ, ಮೂವತ್ತು ವರ್ಷ ಒಂದೇ ಎಂಜಿನ್ ಇದ್ದದ್ದರಿಂದಲೇ ಒಂದು ಗಾಡಿಯ ಬಿಡಿಭಾಗ ಇನ್ನೊಂದಕ್ಕೆ ಕೂಡುತ್ತದೆ. ಹಳೆಯ ಯಂತ್ರಗಳು ಬದುಕಿವೆ.

ಹಳೆಯ ಕಾರುಗಳನ್ನು ಉಳಿಸಿದವರಿಗೆ ದೊಡ್ಡ ಹೆಸರಿದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹ ಮಂಜೂಷಾ ವಸ್ತುಸಂಗ್ರಹಾಲಯದ ಜೊತೆಗೆ ಬೆಳೆದು, ಈಗ ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಪಕ್ಕ ‘ಪಯಣ’ ಎಂಬ ಪ್ರತ್ಯೇಕ ಸಂಗ್ರಹಾಲಯವೇ ಆಗಿದೆ. ನೋಡಲೇಬೇಕಾದದ್ದು. ಜಾವಾ–ಯೆಜ್ಡಿಯ ಸಂರಕ್ಷಣೆಗೆ ಇಂಥ ಛಾವಣಿ ಇರಲಿಲ್ಲ. ಅದನ್ನು ಉಳಿಸಿದ್ದು ಬಳಕೆ. ಬೆಂಗಳೂರು, ಮೈಸೂರುಗಳಲ್ಲಿ ಅಭಿಮಾನಿಗಳು ಕ್ಲಬ್ಬು ಕಟ್ಟಿದರು. ಪ್ರತಿ ವರ್ಷ ಜುಲೈ ಎರಡನೆಯ ಭಾನುವಾರ ಜಾವಾ ದಿನವೆಂದು ಗಾಡಿಗಳನ್ನು ಹೊರಗೆ ತೆಗೆಯುತ್ತಾರೆ. ಅವರ ದುಡಿಮೆ ಸಣ್ಣದಲ್ಲ. ಆದರೆ ನನ್ನದೊಂದು ತಕರಾರಿದೆ. ಪಟ್ಟಣದವರು ಹಳ್ಳಿಗೆ ಬಂದು, ತಿಪ್ಪೆಯ ಪಕ್ಕ ನಿಂತ ಗಾಡಿಯನ್ನು ಗುಜರಿ ಬೆಲೆಗೆ ಎತ್ತಿಕೊಂಡು ಹೋಗಿ, ಕಾರ್ಖಾನೆಯಲ್ಲಿದ್ದದ್ದಕ್ಕಿಂತ ಹೆಚ್ಚು ಹೊಳಪು ಕೊಟ್ಟಾಗ, ಅದರ ಹಿಂದಿನ ಯಜಮಾನ, ಅದು ಹೊತ್ತ ಹಾಲಿನ ಕ್ಯಾನು, ಮೆಣಸಿನಕಾಯಿಯ ಚೀಲ, ಬೆಸುಗೆ ಹಾಕಿದ ಫಿಟ್ಟರ್ ಎಲ್ಲ ಅಳಿಸಿಹೋಗುತ್ತಾರೆ. ಬೆಸುಗೆಯ ಗುರುತೂ ದಾಖಲೆಯೇ.

ಹೆಸರುಗಳು ಮರಳಿ ಬಂದಿವೆ. 2018ರ ನವೆಂಬರಿನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾವನ್ನೂ 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಬಿಡುಗಡೆ ಮಾಡಿತು. ಫೋರ್ ಸ್ಟ್ರೋಕ್, ನೀರಿನಿಂದ ತಂಪಾಗುವ ಎಂಜಿನ್ನು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಚೆನ್ನಾಗಿರಬಹುದು. ಮೈಸೂರಿನದಲ್ಲ.

ಹಳೆಯದಕ್ಕೆ ಈಗ ಕಾನೂನಿನ ಮಾನ್ಯತೆಯೂ ಬಂದಿದೆ. 2021ರ ಕೇಂದ್ರ ನಿಯಮದಂತೆ, ಮೂಲ ರೂಪ ಕೆಡದ, 50 ವರ್ಷ ದಾಟಿದ ಎರಡು ಗಾಲಿ, ನಾಲ್ಕು ಗಾಲಿಯ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಮರುನೋಂದಣಿಗೆ 5,000. ಮೊದಲೇ ನೋಂದಣಿಯಾಗಿದ್ದರೆ ಹಳೆಯ ಸಂಖ್ಯೆಯನ್ನೇ ಇಟ್ಟುಕೊಳ್ಳಬಹುದು. ಜಾವಾ ಹೆಸರಿನ ಮೈಸೂರಿನ ಗಾಡಿಗಳೆಲ್ಲ ವಯಸ್ಸಿನಿಂದ ಇದಕ್ಕೆ ಅರ್ಹ. ಆದರೆ ಒಂದು ಷರತ್ತಿದೆ: ಪ್ರದರ್ಶನ, ರ್‍ಯಾಲಿ, ರಿಪೇರಿ ಇಂಥದಕ್ಕೆ ಬಿಟ್ಟರೆ ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ಅಣ್ಣಿಗೇರಿಯ ಸಂತೆಗೆ ಇಂದಿಗೂ ಅದರ ಮೇಲೇ ಹೋಗಿಬರುವ ಯಜಮಾನನಿಗೆ ಈ ಮರ್ಯಾದೆ ಬೇಕಾಗಿಲ್ಲ. ಅವನು ಸಾಮಾನ್ಯ ಆರ್‌ಸಿಯನ್ನೇ ನವೀಕರಿಸಿಕೊಂಡು, ಎಣ್ಣೆ ಅಳೆಯುವ ಸಣ್ಣ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಹೊರಡುತ್ತಾನೆ.