ತಾತನ ಮೃದಂಗ ಮತ್ತು ಹೋಳು ಹೆಚ್ಚುವ ಸಾಫ್ಟ್‌ವೇರ್

ಮೊನ್ನೆ ಶನಿವಾರ ಇಲ್ಲಿ ಬರ್ಲಿನ್‌ನಲ್ಲಿ ಬೆಳಗಿಂದ ಜಿಟಿಜಿಟಿ ಮಳೆ. ಎಲ್ಲೂ ಹೋಗೋ ಹಾಗಿರಲಿಲ್ಲ. ಊರಿಂದ ತಂದಿದ್ದ ತಾತನ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುತ್ತಾ ಕೂತೆ. ರಾಮೋತ್ಸವದ ಭಜನೆಗೆ ತಾತ ಮೃದಂಗ ನುಡಿಸಿದ್ದು, ನಾನು ಹುಟ್ಟೋಕೆ ಮುಂಚೆ. ಅದರಲ್ಲಿ ಒಂದು ಕಡೆ ಹಾಡು ನಿಂತು, ಮಿಶ್ರಛಾಪುವಿನ ಎರಡು ಆವರ್ತ ಬರೀ ಮೃದಂಗ ಕೇಳಿಸುತ್ತೆ. ಅದನ್ನೇ ಲೂಪ್ ಮಾಡಿ ನನ್ನದೊಂದು ಹಾಡಿಗೆ ಹಾಕಿಕೊಳ್ಳೋಣ ಅಂತ ಆಸೆ. ಸ್ವಲ್ಪ ನಿಧಾನ ಮಾಡಬೇಕಿತ್ತು, ಅಷ್ಟೇ.

ಈ "ಅಷ್ಟೇ" ಅನ್ನೋದರ ಹಿಂದೆ ಐವತ್ತು ವರ್ಷದ ಪರದಾಟ ಇದೆ.

ಟೇಪನ್ನು ನಿಧಾನವಾಗಿ ಓಡಿಸಿದರೆ ಶ್ರುತಿಯೂ ಇಳಿಯುತ್ತೆ. ನಿಮಿಷಕ್ಕೆ 120 ಇದ್ದ ಲಯವನ್ನು 100ಕ್ಕೆ ತಂದರೆ ಧ್ವನಿ ಮೂರು ಸ್ವರಸ್ಥಾನಕ್ಕಿಂತ ಸ್ವಲ್ಪ ಹೆಚ್ಚೇ ಕೆಳಗಿಳಿಯುತ್ತೆ. ಶ್ರುತಿಗೆ ಕೂಡಿಸಿದ ಮೃದಂಗಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ?

ಪ್ಯಾರಿಸ್‌ನಲ್ಲಿ ಪಿಯೆರ್ ಶೆಫರ್ 1948ರಲ್ಲಿ ರೈಲಿನ ಸದ್ದುಗಳನ್ನು ಗ್ರಾಮಫೋನ್ ತಟ್ಟೆಗಳಿಗೆ ಹಿಡಿದು, ಅವನ್ನೇ ಜೋಡಿಸಿ ಸಂಗೀತ ಮಾಡಿದ್ದ. ಆಮೇಲೆ ಟೇಪು, ಬ್ಲೇಡು, ಅಂಟುಪಟ್ಟಿ. 1987ರಲ್ಲಿ ಎಸ್‌ಪಿ-1200 ಅನ್ನೋ ಸ್ಯಾಂಪ್ಲರ್ ಬಂತು. ಅದರ ನೆನಪಿನಲ್ಲಿ ಹಿಡಿಸುತ್ತಿದ್ದದ್ದು ಒಟ್ಟು ಹತ್ತು ಸೆಕೆಂಡ್! ಜಾಗ ಉಳಿಸೋಕೆ ಜನ 33ರ ರೆಕಾರ್ಡನ್ನು 45ರಲ್ಲಿ ಓಡಿಸಿ ತುಂಬಿಕೊಂಡು, ಆಮೇಲೆ ಒಳಗೆ ಇಳಿಸಿಕೊಳ್ಳುತ್ತಿದ್ದರು. (ನಾವು ಮೆಮೊರಿ ಸಾಲದು ಅಂತ ಗೊಣಗುತ್ತೀವಿ!)

ಈ ಯಂತ್ರಗಳ ಹೊಟ್ಟೆಗೆ ಅತಿ ಹೆಚ್ಚು ಸಲ ಬಿದ್ದ ಲಯಗಳಲ್ಲಿ ಒಂದು, ದಿ ವಿನ್‌ಸ್ಟನ್ಸ್ ತಂಡದ 1969ರ 'ಆಮೆನ್, ಬ್ರದರ್' ಹಾಡಿನ ಮಧ್ಯೆ ಗ್ರೆಗರಿ ಕೋಲ್ಮನ್ ನುಡಿಸಿದ ಆರೇಳು ಸೆಕೆಂಡಿನ ಡ್ರಮ್. 90ರ ದಶಕದ ಶುರುವಿನಲ್ಲಿ ಲಂಡನ್ನಿನ ಜಂಗಲ್ ಸಂಗೀತದವರು ಅದನ್ನು ಹುಳಿಗೆ ತರಕಾರಿ ಹೆಚ್ಚಿದ ಹಾಗೆ ಹೋಳು ಹೋಳು ಮಾಡಿ, ಹಿಂದುಮುಂದಾಗಿ ಜೋಡಿಸಿದರು. ಪ್ರತಿ ಪೆಟ್ಟು ಎಲ್ಲಿ ಶುರುವಾಗುತ್ತೆ ಅಂತ ಕಿವಿಯಲ್ಲೇ ಹುಡುಕಿ ಕತ್ತರಿಸಬೇಕು. ರಾತ್ರಿಯೆಲ್ಲ ಹಿಡಿಯೋ ಕೆಲಸ.

ಈ ಕೆಲಸಕ್ಕೆ 1994ರಲ್ಲಿ ಸ್ಟಾಕ್‌ಹೋಮ್‌ನ ಪ್ರೊಪೆಲರ್‌ಹೆಡ್ ಕಂಪನಿ (2019ರಿಂದ ಹೆಸರು ರೀಸನ್ ಸ್ಟುಡಿಯೋಸ್) ರಿಸೈಕಲ್ ಅನ್ನೋ ಸಾಫ್ಟ್‌ವೇರ್ ತಂತು. ಸದ್ದು ಎಲ್ಲಿ ತಟ್ಟನೆ ಏರುತ್ತೋ ಅಲ್ಲಿ ಗೆರೆ ಎಳೆಯುತ್ತೆ. ಒಂದೊಂದು ಹೋಳನ್ನೂ ಸ್ಯಾಂಪ್ಲರಿನ ಒಂದೊಂದು ಕೀಲಿಗೆ ಕಳಿಸುತ್ತೆ. ಜೊತೆಗೆ ಯಾವ ಕೀಲಿ ಯಾವಾಗ ಒತ್ತಬೇಕು ಅನ್ನೋ ಪಟ್ಟಿ, ಅಂದರೆ ಮಿಡಿ ಫೈಲು. ನಿಧಾನ ಬೇಕಾ? ಕೀಲಿಗಳನ್ನು ದೂರದೂರ ಒತ್ತಿದರಾಯಿತು, ಶ್ರುತಿ ಅಲ್ಲಾಡೋದಿಲ್ಲ. ಒಬ್ಬ ಪ್ರೋಗ್ರಾಮರ್ ಆಗಿ ನನಗೆ ಈ ಉಪಾಯ ಕಂಡರೆ ಹೊಟ್ಟೆಕಿಚ್ಚು. ಏನು ನುಡಿಸಿದ, ಯಾವಾಗ ನುಡಿಸಿದ ಎರಡನ್ನೂ ಬಿಡಿಸಿ ಇಟ್ಟುಬಿಟ್ಟರು ನೋಡಿ.

ಮುಂದಿನದೆಲ್ಲ ಇದರ ಮೇಲಿನ ಸುಧಾರಣೆ. 2001ರಲ್ಲಿ ಇದೇ ಬರ್ಲಿನ್‌ನ ಏಬಲ್‌ಟನ್ ಕಂಪನಿಯ ಲೈವ್ ಬಂತು. ಅದು ಹೋಳು ಮಾಡದೆ ಸದ್ದನ್ನೇ ರಬ್ಬರಿನ ಹಾಗೆ ಎಳೆಯುತ್ತಿತ್ತು. 2007ರ ಲೈವ್ 7ರಲ್ಲಿ ಅದಕ್ಕೂ ಹೋಳು ಮಾಡುವ ಸೌಲಭ್ಯ ಸೇರಿತು. 2010ರಲ್ಲಿ ರೀಸನ್ 5ರ ಡಾಕ್ಟರ್ ಆಕ್ಟೋರೆಕ್ಸ್ ಒಟ್ಟಿಗೆ ಎಂಟು ಲೂಪ್ ಇಟ್ಟುಕೊಂಡು, ಒಂದೊಂದೇ ಹೋಳಿನ ಶ್ರುತಿ ಬದಲಿಸೋಕೆ, ಬೇಕಾದ್ದನ್ನು ಮಾತ್ರ ತಿರುಗಮುರುಗ ಮಾಡೋಕೆ ಬಿಟ್ಟಿತು. ಅದಕ್ಕೂ ಹಿಂದಿನ ಡಾಕ್ಟರ್ ರೆಕ್ಸ್‌ನಲ್ಲಿ ಒಂದೇ ಲೂಪಿಗೆ ಜಾಗ.

ಸರಿ, ನನ್ನ ಕಥೆಗೆ ಬರ್ತೀನಿ. ತಾತನ ಎರಡು ಆವರ್ತವನ್ನು ಹೋಳು ಮಾಡಿಸಿದೆ. ಬಲಗೈ ಪೆಟ್ಟುಗಳೆಲ್ಲ ಚೆನ್ನಾಗಿ ಬಂದವು. ಎಡಗೈ ಕೆಟ್ಟಿತು. ರವೆ ಮೆತ್ತಿದ ಎಡಮುಖದ ಗುಮ್ಕಿ 'ಗುಂ' ಅಂತ ಎದ್ದು, ಬಲಗೈಯ ಎರಡು ಮೂರು ಪೆಟ್ಟಿನ ಅಡಿಯಲ್ಲಿ ಹರಿಯುತ್ತಲೇ ಇರುತ್ತೆ ತಾನೆ? ಸಾಫ್ಟ್‌ವೇರಿಗೆ ಪೆಟ್ಟು ಶುರುವಾಗೋದು ಮಾತ್ರ ಗೊತ್ತು. ಮುಂದಿನದು ಶುರುವಾದರೆ ಹಿಂದಿನದು ಮುಗೀತು ಅಂತ ಅದರ ಲೆಕ್ಕ. ಹೀಗಾಗಿ ಒಂದು ಗುಮ್ಕಿ ಮೂರು ಹೋಳಾಗಿ, ನಿಧಾನ ಮಾಡಿದಾಗ ಮಧ್ಯೆ ಮಧ್ಯೆ ಮೌನ. ಆ ಮೌನ ತುಂಬೋಕೆ ರಿಸೈಕಲ್‌ನವರೇ ಹೋಳಿನ ಬಾಲ ಉದ್ದ ಮಾಡುವ ಗುಂಡಿ ಕೊಟ್ಟಿದ್ದರು. ಡ್ರಮ್ಮಿಗೆ ಸಾಕು, ಜಾರುವ ನಾದಕ್ಕೆ ಸಾಲದು.

ಇನ್ನೊಂದು ತಪ್ಪು ನನ್ನದೇ. ಎಲ್ಲ ಹೋಳನ್ನೂ ಚೌಕುಳಿಗೆ ಸರಿಯಾಗಿ ಕೂರಿಸು ಅಂತ ಗುಂಡಿ ಒತ್ತಿದೆ. ಲಯ ಕೂದಲಷ್ಟೂ ತಪ್ಪಲಿಲ್ಲ. ವಾಟ್ಸಪ್ಪಿನಲ್ಲಿ ಅಮ್ಮನಿಗೆ ಕಳಿಸಿದೆ. "ಚೆನ್ನಾಗಿದೆ ಕಣೋ, ಯಾರು ನುಡಿಸಿರೋದು?" ಅಂದಳು.

ತನ್ನ ಅಪ್ಪನ ಕೈ ಅವಳಿಗೆ ಗುರುತು ಸಿಗಲಿಲ್ಲ. ಏಳನ್ನು ಮೂರು-ನಾಲ್ಕು ಅಂತ ಒಡೆಯುವಾಗ ನಾಲ್ಕರ ಮೊದಲ ಪೆಟ್ಟನ್ನು ತಾತ ಸ್ವಲ್ಪ ತಡೆದು ಹಾಕುತ್ತಿದ್ದರು. ಗುಂಡಿ ಒತ್ತಿ ನಾನು ಅಳಿಸಿದ್ದು ಅದನ್ನೇ.

ಗ್ರೆಗರಿ ಕೋಲ್ಮನ್ ನೆನಪಾದ. ಎಷ್ಟೋ ಸಾವಿರ ಹಾಡುಗಳಲ್ಲಿ ಅವನ ಪೆಟ್ಟಿದೆ. ಅವನು 2006ರಲ್ಲಿ ಸೂರಿಲ್ಲದೆ ಸತ್ತ, ಅದಕ್ಕೆಲ್ಲ ಬಿಡಿಗಾಸೂ ಸಿಗದೆ. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ 24,000 ಪೌಂಡ್ ಕೊಟ್ಟಿದ್ದು ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ. ಆ ಹೊತ್ತಿಗೆ ಕೋಲ್ಮನ್ ಇರಲಿಲ್ಲ.

ಚೌಕುಳಿ ತೆಗೆದುಹಾಕಿದೆ. ಗುಮ್ಕಿ ಇರುವ ಕಡೆ ಗೆರೆಗಳನ್ನು ಕೈಯಲ್ಲೇ ಅಳಿಸಿ, ಮೂರು ಹೋಳನ್ನು ಮತ್ತೆ ಒಂದು ಮಾಡಿದೆ. ಅಷ್ಟು ನಿಧಾನ ಆಗಲಿಲ್ಲ. ನನ್ನ ಹಾಡಿನ ವೇಗವನ್ನೇ ತಾತನ ವೇಗಕ್ಕೆ ಏರಿಸಿಕೊಂಡೆ. ಫೈಲಿಗೆ 'ಲೂಪ್ 3' ಅಂತಿದ್ದ ಹೆಸರು ಬದಲಿಸಿ ತಾತನ ಹೆಸರಿಟ್ಟು ಅಮ್ಮನಿಗೆ ಮತ್ತೆ ಕಳಿಸಿದೀನಿ. ಅಲ್ಲಿ ಆಗಲೇ ನಡುರಾತ್ರಿ, ಇನ್ನೂ ಕೇಳಿಲ್ಲ.