ಡೈವ್ ಹೊಡೆಯೋದನ್ನ ಯಾರೂ ಕಲಿಸಲಿಲ್ಲ

ಮೊನ್ನೆ ಭಾನುವಾರ ನಮ್ಮ ಶ್ರೀನಗರದ ಹಳೇ ಹುಡುಗರ ಜೊತೆ ಟೆನ್ನಿಸ್ ಬಾಲ್ ಮ್ಯಾಚು. ಕೊನೇ ಬಾಲಿಗೆ ಎರಡು ರನ್ ಬೇಕಿತ್ತು. ಎರಡನೇ ರನ್ನಿಗೆ ಓಡಿ ಬಂದವನು ಗೆರೆ ಹತ್ತಿರದ ಜಲ್ಲಿಕಲ್ಲು ನೋಡಿ ಹಿಂಜರಿದೆ. ಒಂದು ಗೇಣು ಬಾಕಿ... ರನ್ ಔಟ್! ಗೆಲ್ಲೋ ಮ್ಯಾಚು ಟೈ ಆಯ್ತು. "ಡೈವ್ ಹೊಡಿಯೋಕೇನೋ ನಿಂಗೆ ರೋಗ?" ಅಂತ ಎಲ್ಲರೂ ಬೈದರು.

ಮನೆಗೆ ಬಂದು ಯೋಚನೆ ಮಾಡಿದೆ. ಬ್ಯಾಟ್ ಹಿಡಿಯೋದು ಕಲಿಸಿದವರಿದ್ದಾರೆ, ಬೀಳೋದನ್ನ ಕಲಿಸಿದವರು ಯಾರು?

ಅಮೆರಿಕದ ಬೇಸ್‌ಬಾಲ್‌ನಲ್ಲಿ ಅದೇ ಒಂದು ಪಾಠ. ಒಂದು ಕಾಲು ಮಡಚಿ ಇನ್ನೊಂದರ ಕೆಳಗಿಟ್ಟು, ಕೈ ಮೇಲೆತ್ತಿ, ಕುಂಡೆ ಮೇಲೆ ಜಾರಬೇಕು. 1880ರ ದಶಕದಲ್ಲಿ ಕಿಂಗ್ ಕೆಲ್ಲಿ ಅನ್ನೋ ಆಟಗಾರನ ಜಾರಾಟ ಎಷ್ಟು ಹೆಸರಾಗಿತ್ತೆಂದರೆ 1889ರಲ್ಲಿ ಅದರ ಮೇಲೇ ಒಂದು ಹಾಡು ಬಂತು. ಕಾರಣ ಸರಳ. ಅಲ್ಲಿ ಎರಡನೇ, ಮೂರನೇ ಬೇಸ್ ದಾಟಿ ಮುಂದೆ ಹೋದರೆ ಔಟ್ ಆಗಬಹುದು, ಅಲ್ಲೇ ನಿಲ್ಲಬೇಕು. ನಮ್ಮ ಕ್ರಿಕೆಟ್‌ನಲ್ಲಿ ಗೆರೆ ದಾಟಿ ಎಷ್ಟು ದೂರ ಓಡಿದರೂ ಸರಿ. ಹಾಗಾಗಿ ನಮಗೆ ಹೇಳಿಕೊಟ್ಟಿದ್ದು ಬ್ಯಾಟನ್ನ ನೆಲಕ್ಕೆ ಉಜ್ಜುತ್ತಾ ಜಾರಿಸೋದು ಅಷ್ಟೇ.

ಡೈವ್ ಹೊಡೆದವನಿಗೂ ನಿಯಮದ ಕಾಟ ಇತ್ತು. ಗೆರೆ ದಾಟಿ ನೆಲ ಮುಟ್ಟಿದ ಬ್ಯಾಟು ಪುಟಿದು ಗಾಳಿಯಲ್ಲಿದ್ದಾಗ ಬೇಲ್ ಬಿದ್ದರೆ ಔಟ್! 2017ರ ಅಕ್ಟೋಬರ್ 1ರಿಂದ ಎಂಸಿಸಿ ಇದನ್ನ ಬದಲಾಯಿಸಿತು. ಓಡುತ್ತಲೋ ಡೈವ್ ಹೊಡೆದೋ ಬರುವಾಗ ಒಮ್ಮೆ ಗೆರೆಯಾಚೆ ಮುಟ್ಟಿಸಿದರೆ ಸಾಕು, ಆಮೇಲೆ ಪುಟಿದರೂ ಔಟಲ್ಲ.

ಆದರೂ ಅಭ್ಯಾಸ ಬೇಕಲ್ಲ? 2016ರ ಮಾರ್ಚ್ 23ರಂದು ನಮ್ಮ ಚಿನ್ನಸ್ವಾಮಿಯಲ್ಲೇ ಧೋನಿ ಕೊನೇ ಬಾಲಿಗೆ ಓಡಿ ಬಂದು ಬೇಲ್ ಹಾರಿಸಿ, ಬಾಂಗ್ಲಾದೇಶದ ವಿರುದ್ಧ 1 ರನ್ನಿಂದ ಗೆಲ್ಲಿಸಿದ್ದ. ಅದೇ ಧೋನಿ 2019ರ ಜುಲೈ 10ರಂದು ಮ್ಯಾಂಚೆಸ್ಟರ್‌ನ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಎರಡನೇ ರನ್ನಿಗೆ ಓಡಿ, ಗಪ್ಟಿಲ್ ಎಸೆತಕ್ಕೆ ಒಂದೆರಡು ಇಂಚಿನಲ್ಲಿ ಔಟಾದ. ನಾವು 18 ರನ್ನಿಂದ ಸೋತೆವು. ಯಾಕೆ ಡೈವ್ ಹೊಡೆಯಲಿಲ್ಲ ಅಂತ ಆಮೇಲೆ ಅವನೇ ಕೊರಗಿದ್ದ. ಅಂಥವನಿಗೇ ಹೀಗಾದರೆ ನನ್ನ ಪಾಡೇನು!

ಇದು ಧೈರ್ಯದ ಮಾತೊಂದೇ ಅಲ್ಲ, ನೆಲದ ಮಾತೂ ಹೌದು. ಹುಲ್ಲಿದ್ದ ಕಡೆ ಬಿದ್ದು ಏಳಬಹುದು. ಗಲ್ಲಿಯ ಟಾರಿನಲ್ಲಿ, ಜಲ್ಲಿಯಲ್ಲಿ ಬಿದ್ದರೆ ಮೊಣಕೈ ತರಚಿ, ಮನೆಯಲ್ಲಿ ಅಮ್ಮನ ಕೈಲಿ ಇನ್ನೊಂದು ಏಟು. ಹಾಗೆ ಬೆಳೆದ ಮೈ ಇಪ್ಪತ್ತೆಂಟರಲ್ಲಿ ತಾನಾಗೇ ಬ್ರೇಕ್ ಹಾಕುತ್ತೆ.

ಮುಂದಿನ ಭಾನುವಾರ ಮರಳು ಹುಡುಕಿ ಬೀಳೋದು ಕಲೀಬೇಕು. ನಿಮಗೆ ಯಾರಾದ್ರೂ ಕಲಿಸಿದ್ರಾ? ಹೇಳಿ ಮತ್ತೆ...