ಮೊಕಟ್ಟಮ್ ಗುಡ್ಡದ ಕಸ ಸಂಗ್ರಾಹಕರು: ಕೈರೋ ನಗರದ ನೈರ್ಮಲ್ಯವೂ ಸಭೆಯ ಸೇವೆಯೂ

ಈಜಿಪ್ಟಿನ ಸಭೆಯ ಚರಿತ್ರೆ ಎಂದೊಡನೆ ನಮ್ಮ ನೆನಪಿಗೆ ಬರುವುದು ಅಲೆಕ್ಸಾಂಡ್ರಿಯದ ಉಪದೇಶ ಶಾಲೆ, ಅಥನಾಸಿಯಸ್, ಅರಣ್ಯವಾಸಿಯಾದ ಅಂತೋನಿ ಮುಂತಾದ ಪ್ರಾಚೀನ ಹೆಸರುಗಳು. ಅದೇ ನಾಡಿನ ಸಭೆಯು ಇಪ್ಪತ್ತನೆಯ ಶತಮಾನದಲ್ಲಿ ಕಂಡ ಒಂದು ಅನುಭವವು ಅಷ್ಟೇ ಗಮನಕ್ಕೆ ಅರ್ಹವಾಗಿದೆ. ಕೈರೋ ನಗರದ ಮನೆಮನೆಗಳಿಂದ ಕಸವನ್ನು ಹೊತ್ತು, ಅದನ್ನು ಕೈಯಿಂದ ಬೇರ್ಪಡಿಸಿ, ಹಸಿ ಕಸವನ್ನು ಹಂದಿಗಳಿಗೆ ಹಾಕಿ ಬದುಕಿದ 'ಜಬ್ಬಾಲೀನ್' ಎಂಬ ಜನರ ಚರಿತ್ರೆ ಅದು. ಅರಬ್ಬೀ ಭಾಷೆಯಲ್ಲಿ ಈ ಪದಕ್ಕೆ ಕಸದವರು ಎಂದೇ ಅರ್ಥ. ಅವರಲ್ಲಿ ಬಹುಪಾಲು ಜನರು ಕಾಪ್ಟಿಕ್ ಕ್ರೈಸ್ತರು. ಈ ಚರಿತ್ರೆಯನ್ನು ಸಾಮಾನ್ಯವಾಗಿ ದೀನರನ್ನು ಸಭೆಯು ಮೇಲೆತ್ತಿದ ಕಥೆಯೆಂದು ಹೇಳಲಾಗುತ್ತದೆ. ಸಭೆಯು ಬರುವುದಕ್ಕೆ ಮುಂಚೆಯೇ ಈ ಜನರು ಒಂದು ಮಹಾನಗರಕ್ಕೆ ಬೇಕಾದ ವ್ಯವಸ್ಥೆಯನ್ನು ತಾವಾಗಿಯೇ ಕಟ್ಟಿದ್ದರೆಂಬುದನ್ನು ಈ ಲೇಖನದಲ್ಲಿ ನಾವು ಮುಂದಿಡಲು ಬಯಸುತ್ತೇವೆ.

ಎರಡು ವಲಸೆಗಳು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಶ್ಚಿಮ ಮರುಭೂಮಿಯ ದಾಖ್ಲಾ ಓಯಸಿಸ್‌ನಿಂದ ಬಂದ ಮುಸ್ಲಿಮ್ ವಲಸಿಗರು ಕೈರೋದ ಕಟ್ಟಡಗಳ ಮಾಲೀಕರೊಡನೆ ಒಪ್ಪಂದ ಮಾಡಿಕೊಂಡು ಕಸ ಸಂಗ್ರಹವನ್ನು ಕೈಗೆತ್ತಿಕೊಂಡರು. ಇವರನ್ನು 'ವಾಹಿಯಾ', ಅಂದರೆ ಓಯಸಿಸ್‌ನವರು, ಎಂದು ಕರೆಯುತ್ತಿದ್ದರು. ಒಣಗಿಸಿದ ಕಸವು ಸಾರ್ವಜನಿಕ ಸ್ನಾನಗೃಹಗಳಿಗೂ ಅವರೆಕಾಳಿನಂಥ 'ಫೂಲ್' ಬೇಯಿಸುವ ಒಲೆಗಳಿಗೂ ಉರುವಲಾಗಿ ಮಾರಾಟವಾಗುತ್ತಿತ್ತು. 1930 ಮತ್ತು 1940ರ ದಶಕಗಳಲ್ಲಿ ದಕ್ಷಿಣದ ಅಸ್ಯೂತ್ ಸೀಮೆಯಿಂದ ಭೂಹೀನ ಬಡ ರೈತರು ನಗರಕ್ಕೆ ಬಂದರು. ಇವರೇ ಮುಂದೆ ಜಬ್ಬಾಲೀನರಾದರು. ಯಾವ ಬೀದಿಯ ಕಸ ಯಾರದೆಂಬ ಹಕ್ಕು ವಾಹಿಯಾಗಳ ಬಳಿಯೇ ಉಳಿಯಿತು. ಮನೆಯವರು ಕೊಡುವ ಹಣವೂ ಹೆಚ್ಚಾಗಿ ಅವರಿಗೇ ಸೇರಿತು. ಕಸವನ್ನು ಹೊತ್ತವರಿಗೆ ದೊರೆತ ಕೂಲಿಯೆಂದರೆ ಬಹುಮಟ್ಟಿಗೆ ಆ ಕಸವೇ.

ಆ ಕೂಲಿಯಿಂದಲೇ ಅವರು ಬದುಕನ್ನು ಕಟ್ಟಿಕೊಂಡರು. ಗಂಡಸರೂ ಹುಡುಗರೂ ನಸುಕಿನಲ್ಲಿ ಕತ್ತೆಗಾಡಿಗಳೊಂದಿಗೆ ಹೊರಟು, ಮಹಡಿಗಳನ್ನು ಹತ್ತಿ ಬಾಗಿಲುಬಾಗಿಲಿನಿಂದ ಕಸ ತರುತ್ತಿದ್ದರು. ಹೆಂಗಸರೂ ಹೆಣ್ಣುಮಕ್ಕಳೂ ಮನೆಯಂಗಳದಲ್ಲಿ ಕುಳಿತು ಅದನ್ನು ವಿಂಗಡಿಸುತ್ತಿದ್ದರು. ಕಾಗದ, ಬಟ್ಟೆ, ತಗಡು, ಗಾಜು, ಮೂಳೆ, ಮುಂದೆ ಪ್ಲಾಸ್ಟಿಕ್ ಕೂಡ, ಒಂದೊಂದೂ ಅದದರ ಗುಜರಿ ವ್ಯಾಪಾರಿಗೆ ಹೋಗುತ್ತಿತ್ತು. ಊಟದ ಎಂಜಲು, ತರಕಾರಿ ಸಿಪ್ಪೆಗಳು ಹಂದಿಗಳ ಮೇವಾದವು. ಹಂದಿಯ ಗೊಬ್ಬರ ಹೊಲಗಳಿಗೆ, ಮಾಂಸ ಮಾರುಕಟ್ಟೆಗೆ ಹೋಯಿತು. ತಾವು ತಂದ ಕಸದಲ್ಲಿ ಸುಮಾರು ಶೇಕಡಾ 80ರಷ್ಟನ್ನು ಇವರು ಮರುಬಳಕೆಗೆ ತರುತ್ತಿದ್ದರೆಂದು ಅಧ್ಯಯನಗಳು ಅಂದಾಜಿಸಿವೆ.

ಈ ವ್ಯವಸ್ಥೆಗೆ ಹಂದಿಯೇ ಆಧಾರಸ್ತಂಭವಾಗಿತ್ತು. ಬೇಗ ಕೊಳೆಯುವ ಹಸಿ ಕಸಕ್ಕೆ ಬೇರಾರೂ ಬೆಲೆ ಕೊಡುತ್ತಿರಲಿಲ್ಲ. ಮುಸ್ಲಿಮರಿಗೆ ಹಂದಿ ನಿಷಿದ್ಧ. ಕ್ರೈಸ್ತರಿಗೆ ಆ ತಡೆಯಿರಲಿಲ್ಲ. ಹೀಗೆ ಧಾರ್ಮಿಕ ಭೇದವೇ ಇವರಿಗೆ ಜೀವನೋಪಾಯವನ್ನು ಒದಗಿಸಿತು. ಅದೇ ಭೇದವು ಕಸದ ಕಳಂಕದ ಮೇಲೆ ಹಂದಿಯ ಕಳಂಕವನ್ನೂ ಹೊರಿಸಿತು. ಹಲವು ಬಾರಿ ಒಕ್ಕಲೆಬ್ಬಿಸಲ್ಪಟ್ಟ ಇವರಲ್ಲಿ ದೊಡ್ಡ ಗುಂಪೊಂದು 1970ರಲ್ಲಿ ಇಂಬಾಬಾದಿಂದ ನಗರದ ಪೂರ್ವದಂಚಿನ ಮೊಕಟ್ಟಮ್ ಗುಡ್ಡದ ಬುಡಕ್ಕೆ, ಹಳೆಯ ಕಲ್ಲುಗಣಿಗಳ ನಡುವೆ ಬಂದು ನೆಲೆಸಿತು. ಅಲ್ಲಿ ನೀರಾಗಲಿ ವಿದ್ಯುತ್ತಾಗಲಿ ಇರಲಿಲ್ಲ.

ಸಭೆಯ ಆಗಮನ

ಅಲ್ಲಿ ದೇವಾಲಯವೂ ಇರಲಿಲ್ಲ. 1974ರಲ್ಲಿ ಕಾಪ್ಟಿಕ್ ಸಭೆಯ ಒಬ್ಬ ಗೃಹಸ್ಥರು ಆ ಗುಡ್ಡಕ್ಕೆ ಹೋಗಲಾರಂಭಿಸಿದರು. 1978ರಲ್ಲಿ ದೀಕ್ಷೆ ಪಡೆದು ಫಾದರ್ ಸಮಾನ್ ಎಂದು ಹೆಸರಾದವರು ಇವರೇ. ಅವರನ್ನು ಅಲ್ಲಿಗೆ ಒತ್ತಾಯದಿಂದ ಕರೆದವನು ಅವರ ಮನೆಗೆ ಕಸಕ್ಕೆ ಬರುತ್ತಿದ್ದ ವ್ಯಕ್ತಿಯೆಂದು ಆ ಸಭೆಯೇ ಹೇಳಿಕೊಳ್ಳುತ್ತದೆ. ಈ ವಿವರವನ್ನು ನಾವು ಲಘುವಾಗಿ ಕಾಣಬಾರದು: ಇಲ್ಲಿ ಸಭೆಯನ್ನು ಕರೆತಂದವನು ಕಸದವನೇ. ಮುಂದೆ ಗುಡ್ಡದ ಗುಹೆಗಳಲ್ಲಿ ಸಾವಿರಾರು ಜನರು ಕುಳಿತುಕೊಳ್ಳಬಲ್ಲ ದೇವಾಲಯ ರೂಪುಗೊಂಡಿತು.

ಅದಕ್ಕೆ ಮುಂಚೆ, 1971ರಲ್ಲಿ, ಬೆಲ್ಜಿಯಂ ಮೂಲದ ಕಥೋಲಿಕ ಸನ್ಯಾಸಿನಿ ಸಿಸ್ಟರ್ ಇಮ್ಯಾನುಯೆಲ್ ಅವರು ಎಜ್ಬೆತ್ ಎಲ್-ನಖ್ಲ್ ಎಂಬ ಇನ್ನೊಂದು ಕಸದವರ ವಸತಿಯಲ್ಲಿ ಗುಡಿಸಲು ಹಾಕಿ ನೆಲೆಸಿದ್ದರು. ಶಾಲೆ, ಚಿಕಿತ್ಸಾಲಯಗಳ ಜೊತೆಗೆ ಗೊಬ್ಬರದ ಕಾರ್ಖಾನೆಯೂ ಅವರ ಕಾರ್ಯದ ಭಾಗವಾಗಿತ್ತು. ಅವರು ಜನರನ್ನು ಕಸದಿಂದ ಬಿಡಿಸುವುದಾಗಿ ಹೇಳದೆ, ಆ ಕೆಲಸವೇ ಹೆಚ್ಚು ಫಲ ಕೊಡುವಂತೆ ನೆರವಾದರು.

ಮೊಕಟ್ಟಮ್‌ನ ದೇವಾಲಯಕ್ಕೆ ಚಕ್ಕಳ ಹದಮಾಡುತ್ತಿದ್ದ ಸಂತ ಸೀಮೋನನ ಹೆಸರಿದೆ. ಹತ್ತನೆಯ ಶತಮಾನದಲ್ಲಿ, ಖಲೀಫ ಅಲ್-ಮುಯಿಜ್‌ನ ಕಾಲದಲ್ಲಿ, ಸಾಸಿವೆ ಕಾಳಿನಷ್ಟು ನಂಬಿಕೆಯು ಬೆಟ್ಟವನ್ನು ಕದಲಿಸುವುದೆಂಬ ಮಾತನ್ನು ಸ್ಥಾಪಿಸಿ ತೋರಿಸಬೇಕಾದಾಗ ಪಿತೃಪ್ರಧಾನ ಅಬ್ರಹಾಮರಿಗೆ ನೆರವಾದವನು ಈ ಸೀಮೋನನೆಂಬುದು ಪರಂಪರೆಯ ನಂಬಿಕೆ. ಚರಿತ್ರಕಾರರಾಗಿ ನಾವು ಇದನ್ನು ಐತಿಹ್ಯವೆಂದೇ ಪರಿಗಣಿಸಬೇಕು. ಆದರೆ ದುರ್ವಾಸನೆಯ ಕಸುಬಿನವನೊಬ್ಬನ ಪ್ರಾರ್ಥನೆಯಿಂದ ಸಭೆಯು ಉಳಿಯಿತೆಂಬ ಕಥೆಯಲ್ಲಿ ಕಸದ ಜನರು ತಮ್ಮನ್ನು ಕಂಡುಕೊಂಡರೆಂಬುದು ಅರ್ಥಪೂರ್ಣ. ಅಪೊಸ್ತಲರ ಕೃತ್ಯಗಳಲ್ಲಿಯೂ ಇಂಥದೇ ಸನ್ನಿವೇಶವಿದೆ. ಅಶುದ್ಧ ಪ್ರಾಣಿಗಳ ದರ್ಶನವು ಪೇತ್ರನಿಗೆ ಆದದ್ದು ಯೊಪ್ಪದಲ್ಲಿ, ಚಕ್ಕಳ ಹದಮಾಡುವ ಇನ್ನೊಬ್ಬ ಸೀಮೋನನ ಮನೆಯ ಮಾಳಿಗೆಯ ಮೇಲೆ.

ಎರಡು ಆಘಾತಗಳು

2003ರಲ್ಲಿ ಸರ್ಕಾರವು ಕೈರೋದ ನೈರ್ಮಲ್ಯವನ್ನು 15 ವರ್ಷಗಳ ಗುತ್ತಿಗೆಯ ಮೇಲೆ ಸ್ಪೇನ್ ಮತ್ತು ಇಟಲಿಯ ಕಂಪನಿಗಳಿಗೆ ವಹಿಸಿತು. ಆ ಕಂಪನಿಗಳು ಶೇಕಡಾ 20ರಷ್ಟು ಕಸವನ್ನು ಮರುಬಳಸಿದರೆ ಸಾಕಾಗಿತ್ತು. ಮನೆಬಾಗಿಲಿಗೆ ಬರುವ ಸೇವೆಗೆ ಒಗ್ಗಿದ್ದ ನಿವಾಸಿಗಳಿಗೆ ಬೀದಿಯ ತೊಟ್ಟಿಗಳು ಹಿಡಿಸಲಿಲ್ಲ. ಇಕ್ಕಟ್ಟಾದ ಓಣಿಗಳಿಗೆ ದೊಡ್ಡ ಲಾರಿಗಳು ನುಗ್ಗಲಿಲ್ಲ. ಅರ್ಧ ಶತಮಾನಕ್ಕೂ ಮೀರಿದ ಅನುಭವವುಳ್ಳವರನ್ನು ಯಾರೂ ಸಲಹೆ ಕೇಳಿರಲಿಲ್ಲ.

2009ರ ಏಪ್ರಿಲ್‌ನಲ್ಲಿ ಎರಡನೆಯ, ಇನ್ನೂ ಕಠಿಣವಾದ ಪೆಟ್ಟು ಬಿದ್ದಿತು. ಲೋಕದಲ್ಲಿ ಹಂದಿಜ್ವರದ ಭೀತಿ ಹಬ್ಬಿತ್ತು. ಈಜಿಪ್ಟಿನಲ್ಲಿ ಆಗ ಒಂದು ಪ್ರಕರಣವೂ ಕಂಡುಬಂದಿರಲಿಲ್ಲ. ರೋಗವು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯೂ ತಿಳಿಸಿತ್ತು. ಆದರೂ ದೇಶದ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಲು ಆಜ್ಞೆಯಾಯಿತು. ಕುಟುಂಬಗಳು ಆದಾಯವನ್ನೂ ಮಾಂಸಾಹಾರವನ್ನೂ ಕಳೆದುಕೊಂಡವು. ಹಸಿ ಕಸದಿಂದ ಪ್ರಯೋಜನವಿಲ್ಲದ ಸಂಗ್ರಾಹಕರು ಅದನ್ನು ಬಿಟ್ಟು ಒಣ ಕಸವನ್ನು ಮಾತ್ರ ಒಯ್ದರು. ಕೆಲವೇ ತಿಂಗಳುಗಳಲ್ಲಿ ಕೈರೋದ ಬೀದಿಗಳಲ್ಲಿ ಕೊಳೆತ ಕಸದ ರಾಶಿಗಳೆದ್ದವು. ಅಶುದ್ಧವೆಂದು ತೆಗೆದುಹಾಕಿದ ಪ್ರಾಣಿಯೇ ನಗರವನ್ನು ಶುದ್ಧವಾಗಿಟ್ಟಿತ್ತೆಂಬುದು ಆಗ ಎಲ್ಲರಿಗೂ ಕಂಡಿತು. 2013ರಲ್ಲಿ, ಈ ಜನರೊಡನೆ ದೀರ್ಘಕಾಲ ದುಡಿದಿದ್ದ ಲೈಲಾ ಇಸ್ಕಂದರ್ ಅವರು ಪರಿಸರ ಸಚಿವೆಯಾದಾಗ, ಜಬ್ಬಾಲೀನರನ್ನು ಅಧಿಕೃತ ವ್ಯವಸ್ಥೆಯೊಳಕ್ಕೆ ಸೇರಿಸುವ ಪ್ರಯತ್ನ ನಡೆಯಿತು.

ಸಭೆಗೆ ಈ ಚರಿತ್ರೆಯ ಪ್ರಶ್ನೆ

ಈ ಬದುಕನ್ನು ನಾವು ಹಾಡಿ ಹೊಗಳಬೇಕಾಗಿಲ್ಲ. ಕಸದೊಳಗಿನ ಸೂಜಿ, ಒಡೆದ ಗಾಜುಗಳು ಕೈಗಳನ್ನು ಗಾಯಗೊಳಿಸಿವೆ, ರೋಗಗಳನ್ನು ತಂದಿವೆ. ಎಷ್ಟೋ ಮಕ್ಕಳ ಬಾಲ್ಯವು ವಿಂಗಡಣೆಯಲ್ಲೇ ಕಳೆದಿದೆ. ಬಡತನವನ್ನು ಸದ್ಗುಣವೆಂದು ಬೋಧಿಸಿದರೆ ಸಭೆಯು ಅನ್ಯಾಯಕ್ಕೆ ಹೊದಿಕೆ ಹೊದಿಸಿದಂತಾಗುವುದು. ಕೆಲಸವನ್ನು ಕಿತ್ತುಕೊಂಡು ಅದನ್ನೇ ಸುಧಾರಣೆಯೆಂದು ಕರೆಯುವುದು ಅದಕ್ಕೆ ಪರಿಹಾರವಲ್ಲ. ಕೆಲಸವು ಉಳಿಯಬೇಕು, ಅದರ ಅಪಾಯ ಅಳಿಯಬೇಕು, ಅದರ ಬೆಲೆ ದುಡಿದವರಿಗೇ ಸೇರಬೇಕು.

ಪೌಲನು ಕೊರಿಂಥದವರಿಗೆ ಬರೆಯುತ್ತಾ ಅಪೊಸ್ತಲರನ್ನೇ ಲೋಕದ ಕಸಕ್ಕೆ ಹೋಲಿಸಿದನು. ಆ ವಾಕ್ಯವನ್ನು ನಾವು ಅಲಂಕಾರವೆಂದು ಓದಿ ಮುಂದೆ ಸಾಗುತ್ತೇವೆ. ಮೊಕಟ್ಟಮ್‌ನಲ್ಲಿ ಅದು ಅಲಂಕಾರವಾಗಿ ಕೇಳಿಸಲಾರದು. ನಮ್ಮ ಪಟ್ಟಣಗಳಲ್ಲಿಯೂ ಪೌರಕಾರ್ಮಿಕರು, ಚಿಂದಿ ಆಯುವವರು ಭಾನುವಾರದ ಆರಾಧನೆಗೆ ಮುಂಚೆಯೇ ನಮ್ಮ ದೇವಾಲಯಗಳ ಮುಂದಿನ ಬೀದಿಯನ್ನು ದಾಟಿ ಹೋಗಿರುತ್ತಾರೆ. ಅವರಿಗೆ ಏನು ಕೊಡಬೇಕೆಂದು ನಮ್ಮ ಸಭೆಗಳು ಆಗಾಗ ಚರ್ಚಿಸುತ್ತವೆ. ಅವರಿಗೆ ಏನು ಗೊತ್ತಿದೆ, ಯಾವ ಹಕ್ಕು ಅವರ ಕೈತಪ್ಪುತ್ತಿದೆ ಎಂದು ಅವರನ್ನೇ ಕೇಳುವುದು ಸಭಾಪಾಲಕರಾಗಲಿರುವವರ ಮೊದಲ ಕೆಲಸವಾಗಬೇಕು.